ಗಿನಿಪಿಗ್ ಸತ್ತರೂ ಲಸಿಕೆ ಪಾಸಾಗುವುದು ಹೇಗೆ?

ಪುಸ್ತಕದಹುಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೈಕ್ರೋಬಯಾಲಜಿ ಓದುತ್ತಿರುವ ಹುಡುಗಿ. ಮುಂದಿನ ವಾರ ತರಗತಿಯಲ್ಲಿ ಆಂಥ್ರಾಕ್ಸ್ ಲಸಿಕೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕು. ಓದುತ್ತಾ ಓದುತ್ತಾ ತಲೆ ಕೆಟ್ಟುಹೋಗಿದೆ.

ಮನುಷ್ಯರಿಗೆ ಹಾಕುವ ಲಸಿಕೆಯನ್ನು ಗಿನಿಪಿಗ್‌ಗಳಿಗೆ ಹಾಕಿ, ಆಮೇಲೆ ರೋಗಾಣು ಕೊಟ್ಟರೆ ಎಷ್ಟೋ ಗಿನಿಪಿಗ್ ಸಾಯುತ್ತವಂತೆ. ಅದೇ ಲಸಿಕೆ ಹಾಕಿದ ಮೊಲಗಳು, ಕೋತಿಗಳು ಹೆಚ್ಚುಕಮ್ಮಿ ಎಲ್ಲ ಬದುಕುತ್ತವಂತೆ. ಇಲಿಗಳದ್ದು ಇನ್ನೊಂದೇ ಕತೆ. ಹಾಗಾದರೆ ಯಾವ ಪ್ರಾಣಿಯ ಮಾತು ನಂಬಬೇಕು? "ತಮಗೆ ಬೇಕಾದ ಉತ್ತರ ಕೊಟ್ಟ ಪ್ರಾಣಿಯನ್ನು ಆರಿಸಿಕೊಂಡಿದ್ದಾರೆ ಅಷ್ಟೆ" ಅಂತ ಯಾರಾದರೂ ಎದ್ದು ಹೇಳಿದರೆ ನಾನು ಏನು ಉತ್ತರ ಕೊಡಲಿ?

ಇನ್ನೊಂದು. ಈ ಲಸಿಕೆ ಮನುಷ್ಯರಲ್ಲಿ ಕೆಲಸ ಮಾಡುತ್ತದೆ ಅಂತ ಯಾರಾದರೂ ನೇರವಾಗಿ ನೋಡಿದ್ದಾರಾ? ಬೇಕಂತಲೇ ಯಾರಿಗೂ ಆಂಥ್ರಾಕ್ಸ್ ಬರಿಸಲು ಆಗುವುದಿಲ್ಲ ಅಲ್ವಾ?

ಪಾಶ್ಚರ್ ಕುರಿಗಳ ಕತೆ ನನಗೆ ಗೊತ್ತು. ದಯವಿಟ್ಟು ಅದನ್ನು ಮತ್ತೆ ಹೇಳಬೇಡಿ. ಎಲ್ಲಿ ನೋಡಿದರೂ ಅದೇ ಇದೆ.

ಖಾರದಪುಡಿ:

ಪ್ರಾಣಿಗಳ ಮೇಲಿನ ಪರೀಕ್ಷೆ ಎಲ್ಲ ಸುಮ್ನೆ ಶಾಸ್ತ್ರಕ್ಕೆ. ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಹತ್ತು ಪ್ರಾಣಿ ಹತ್ತು ಉತ್ತರ ಕೊಟ್ಟಿವೆ ಅಂದಮೇಲೆ ಪರೀಕ್ಷೆಯೇ ತಪ್ಪು ಅಂತ ಗೊತ್ತಾಗಲ್ವಾ? ತರಗತಿಯಲ್ಲಿ ಹಾಗೇ ಹೇಳಿ, ಚಪ್ಪಾಳೆ ಬೀಳುತ್ತೆ.

ಹಳೇಸಿರಿಂಜ್:

ಚಪ್ಪಾಳೆ ಬೀಳಬಹುದು, ಮಾರ್ಕ್ಸ್ ಬೀಳುವುದಿಲ್ಲ.

ನಾನು ಪಶುವೈದ್ಯ, ಈಗ ನಿವೃತ್ತ. ಕೆಲಸದ ಮೊದಲ ಕೆಲವು ವರ್ಷ ದನಕುರಿಗಳ ಲಸಿಕೆ ತಯಾರಾಗುವ ಕಡೆ, ಅದು ಸರಿಯಾಗಿದೆಯಾ ಅಂತ ನೋಡುವ ವಿಭಾಗದಲ್ಲಿದ್ದೆ. ಕನ್ನಡದಲ್ಲಿ ನೆರಡಿ ರೋಗ ಅನ್ನುವುದು ಆಂಥ್ರಾಕ್ಸನ್ನೇ. ಒಂದೊಂದು ಬ್ಯಾಚ್ ಹೊರಗೆ ಹೋಗುವ ಮೊದಲು ಗಿನಿಪಿಗ್ ಕೋಣೆಯನ್ನು ದಾಟಿ ಹೋಗಬೇಕಿತ್ತು. ಆ ಕೋಣೆಯ ರಿಜಿಸ್ಟರ್ ನನ್ನ ಕೈಯಲ್ಲಿತ್ತು.

ಪಾಶ್ಚರ್ ಕತೆ ಬೇಡ ಅಂದಿರಿ. ಕ್ಷಮಿಸಿ ತಂಗಿ, ನಾನು ಅಲ್ಲಿಂದಲೇ ಶುರು ಮಾಡಬೇಕು. ನೀವು ಓದಿದ ಕತೆಯಲ್ಲಿ ಬಾಟಲಿ ಅಲ್ಲಾಡಿಸಿದ ಭಾಗ ಇತ್ತಾ?

1881ರ ಮೇ 5. ಫ್ರಾನ್ಸಿನ ಪುಯ್ಯಿ ಲೆ ಫೋರ್ ಅನ್ನುವ ಕಡೆ ಒಂದು ತೋಟ. 24 ಕುರಿ, ಒಂದು ಮೇಕೆ, 6 ದನಗಳಿಗೆ ಲಸಿಕೆ. ಇನ್ನೊಂದು ಗುಂಪಿನಲ್ಲಿ 24 ಕುರಿ, ಒಂದು ಮೇಕೆ, 4 ದನ. ಇವಕ್ಕೆ ಲಸಿಕೆ ಇಲ್ಲ. ಮೇ 17ಕ್ಕೆ ಎರಡನೇ ಡೋಸ್. ಮೇ 31ಕ್ಕೆ ಎಲ್ಲಕ್ಕೂ ಜೀವಂತ ರೋಗಾಣು. ಜೂನ್ 2ರಂದು ಜನ ಬಂದು ನೋಡಿದಾಗ ಲಸಿಕೆ ಹಾಕದ ಕುರಿಗಳು ಸಾಲಾಗಿ ಸತ್ತು ಬಿದ್ದಿದ್ದವು, ಉಳಿದ ಒಂದೆರಡು ಅವರ ಕಣ್ಣೆದುರಿಗೇ ಸತ್ತವು. ಲಸಿಕೆ ಹಾಕಿದವು ಮೇಯುತ್ತಿದ್ದವು. ಇಷ್ಟು ನಿಮಗೆ ಗೊತ್ತು.

ಅಲ್ಲಿ ಸೇರಿದ್ದ ಪಶುವೈದ್ಯರಿಗೆ ಪಾಶ್ಚರ್ ಮೇಲೆ ನಂಬಿಕೆ ಇರಲಿಲ್ಲ. ಪ್ರಯೋಗಕ್ಕೆ ಕರೆದ ರೊಸಿನ್ಯೋಲ್ ಅನ್ನುವವರೇ ಸೂಕ್ಷ್ಮಾಣುಗಳ ಮಾತನ್ನು ಗೇಲಿ ಮಾಡಿ ಬರೆದಿದ್ದವರು. ಮೇ 31ರಂದು ಈ ವೈದ್ಯರು ಸುಮ್ನೆ ನಿಂತು ನೋಡಲಿಲ್ಲ. ರೋಗಾಣುವಿನ ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಬೇಕು ಅಂದರು. ಹೇಳಿದ್ದಕ್ಕಿಂತ ಜಾಸ್ತಿ ಡೋಸ್ ಕೊಡಿ ಅಂದರು. ಲಸಿಕೆ ಹಾಕಿದ್ದೊಂದು, ಹಾಕದ್ದೊಂದು, ಹೀಗೆ ಒಂದು ಬಿಟ್ಟು ಒಂದಕ್ಕೆ ಚುಚ್ಚಿ ಅಂದರು. ಪಾಶ್ಚರ್ ಎಲ್ಲಕ್ಕೂ ಒಪ್ಪಿದರು. ಬಾಟಲಿಯ ಮೇಲಿನ ನೀರು ಸಪ್ಪೆ, ತಳದಲ್ಲಿ ವಿಷ, ಪಾಶ್ಚರ್ ಲಸಿಕೆ ಹಾಕಿದವಕ್ಕೆ ಮೇಲಿನದು ಕೊಟ್ಟು ಬೇರೆಯವಕ್ಕೆ ತಳದ್ದು ಕೊಡುತ್ತಾರೆ ಅನ್ನುವುದು ಆ ವೈದ್ಯರ ಅನುಮಾನ.

ಇದನ್ನು ಮೊದಲು ಓದಿದಾಗ ನಕ್ಕಿದ್ದೆ. ಎಷ್ಟು ಕುಹಕ ಅಂತ. ಆಮೇಲೆ ನನಗೇ ಅದು ಆಯಿತು.

ನಮ್ಮದು ಸ್ಟರ್ನ್ ಲಸಿಕೆ. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಒಂಡರ್‌ಸ್ಟೆಪೋರ್ಟ್‌ನಲ್ಲಿ ಮ್ಯಾಕ್ಸ್ ಸ್ಟರ್ನ್ ಕಂಡುಕೊಂಡ ತಳಿ, ಹೆಸರು 34ಎಫ್2. ಆಂಥ್ರಾಕ್ಸ್ ರೋಗಾಣುವಿಗೆ ಎರಡು ಆಯುಧ. ಒಂದು ವಿಷ, ಇನ್ನೊಂದು ಮೈಮೇಲಿನ ಕವಚ. ಕವಚ ಇದ್ದರೆ ರಕ್ತದ ಬಿಳಿಕಣಗಳು ಅದನ್ನು ನುಂಗಲಾರವು. ಸ್ಟರ್ನ್ ತಳಿ ಆ ಕವಚ ಕಳೆದುಕೊಂಡದ್ದು. ವಿಷ ಸ್ವಲ್ಪ ಮಾಡುತ್ತದೆ, ಮೈ ಅದನ್ನು ನೋಡಿ ಕಲಿಯುತ್ತದೆ. ದನಕುರಿಗಳಿಗೆ ಜಗತ್ತಿನ ಹೆಚ್ಚಿನ ಕಡೆ ಇವತ್ತಿಗೂ ಅದೇ. ಮೇಕೆಗಳಿಗೆ ಮಾತ್ರ ಕೆಲವೊಮ್ಮೆ ಒಗ್ಗುವುದಿಲ್ಲ, ಚುಚ್ಚಿದ ಕಡೆ ಜೋರಾಗಿ ಊದಿಕೊಳ್ಳುತ್ತದೆ.

ಒಂದು ಬ್ಯಾಚ್‌ಗೆ ಹತ್ತು ಗಿನಿಪಿಗ್‌ಗಳಿಗೆ ಲಸಿಕೆ, ಮೂರು ಕಂಟ್ರೋಲ್, ಅಂದರೆ ಹೋಲಿಕೆಗೆ ಲಸಿಕೆ ಹಾಕದೆ ಇಟ್ಟವು. ಗುರುತಿಗೆ ತುಪ್ಪಳದ ಮೇಲೆ ಪಿಕ್ರಿಕ್ ಆಸಿಡ್ಡಿನ ಹಳದಿ ಬೊಟ್ಟು. ತಲೆ ಮೇಲಿದ್ದರೆ ಒಂದು, ಬೆನ್ನ ಮೇಲಿದ್ದರೆ ಎರಡು, ಹಿಂಭಾಗದಲ್ಲಿದ್ದರೆ ಮೂರು. ನನ್ನ ಬೆರಳೂ ವರ್ಷಪೂರ್ತಿ ಹಳದಿ. ಮೂರು ವಾರ ಕಾಯಬೇಕು, ಆಮೇಲೆ ಚಾಲೆಂಜ್. ಅಂದರೆ ರೋಗ ತರಿಸುವ ತಳಿಯನ್ನು ಚುಚ್ಚುವುದು. ಹಾಕಿಸಿಕೊಂಡವು ಬದುಕಬೇಕು, ಕಂಟ್ರೋಲ್ ಮೂರೂ ಸಾಯಬೇಕು.

ನಾನು ಸೇರಿದ ಮೊದಲ ವರ್ಷ. ಚಾಲೆಂಜ್ ದಿನ ಹಿರಿಯರು ರಜೆ ಹಾಕಿದ್ದರು. ನಾನು ಬಾಟಲಿಯನ್ನು ಸ್ಟ್ಯಾಂಡಿನಲ್ಲಿಟ್ಟು, ರಿಜಿಸ್ಟರ್ ತುಂಬಿ, ಕೈಗವಸು ಹಾಕಿಕೊಂಡು, ಅಲ್ಲಾಡಿಸದೆ ಮೇಲಿನಿಂದ ಸಿರಿಂಜಿಗೆ ಎಳೆದೆ. ಮೊದಲು ಚುಚ್ಚಿದ್ದು ಕಂಟ್ರೋಲ್‌ಗಳಿಗೆ. ಎರಡೂವರೆ ದಿನದಲ್ಲಿ ಎರಡು ಸತ್ತವು. ಬೆನ್ನ ಮೇಲೆ ಬೊಟ್ಟಿದ್ದದ್ದು ಐದನೇ ದಿನವೂ ಸೊಪ್ಪು ತಿನ್ನುತ್ತಾ ಕೂತಿತ್ತು.

ಹಾಕಿಸಿಕೊಂಡ ಹತ್ತೂ ಬದುಕಿದ್ದವು. ನನಗೆ ಖುಷಿ. ಹಿರಿಯರು ಬಂದು ರಿಜಿಸ್ಟರ್ ನೋಡಿ, ಇಡೀ ಪುಟಕ್ಕೆ ಕೆಂಪು ಗೆರೆ ಎಳೆದರು. "ಕಂಟ್ರೋಲ್ ಬದುಕಿದೆಯಲ್ಲ ಮಾರಾಯಾ, ಇನ್ನು ಆ ಹತ್ತು ಲಸಿಕೆಯಿಂದ ಬದುಕಿದ್ದೋ ನಿನ್ನ ನೀರಿನಿಂದ ಬದುಕಿದ್ದೋ?" ಬೀಜಕಣಗಳು, ಅಂದರೆ ರೋಗಾಣುವಿನ ಗಟ್ಟಿ ಚಿಪ್ಪಿನ ಮಲಗಿದ ರೂಪ, ಸುಮ್ನೆ ಬಿಟ್ಟರೆ ತಳಕ್ಕೆ ಇಳಿಯುತ್ತವೆ. ಇನ್ನೊಂದು ಪಾಠವನ್ನೂ ಹೇಳಿದರು. ಕಂಟ್ರೋಲ್‌ಗೆ ಯಾವಾಗಲೂ ಕೊನೆಯಲ್ಲಿ ಚುಚ್ಚು, ಬಾಟಲಿ ಕೊನೆಯವರೆಗೆ ಜೀವಂತವಾಗಿತ್ತು ಅಂತ ಆಗ ಗೊತ್ತಾಗುತ್ತದೆ. ಮೂರು ವಾರದ ಕೆಲಸ, ಹದಿಮೂರು ಪ್ರಾಣಿ ದಂಡ. ಮತ್ತೆ ಮೊದಲಿನಿಂದ.

ಈ ಕತೆಯನ್ನು ಇಷ್ಟುದ್ದ ಹೇಳಿದ್ದು ಯಾಕೆ ಅಂದರೆ, "ಪ್ರಾಣಿ ಬದುಕಿತು" ಅನ್ನುವುದು ಅರ್ಧ ವಾಕ್ಯ. ಏನನ್ನು ತಡೆದು ಬದುಕಿತು, ಯಾವುದಕ್ಕೆ ಹೋಲಿಸಿದರೆ ಬದುಕಿತು ಅನ್ನುವುದು ಉಳಿದರ್ಧ. ಅದನ್ನು ಹಿಡಿದುಕೊಂಡರೆ ನಿಮ್ಮ ಗಿನಿಪಿಗ್, ಮೊಲ, ಇಲಿಗಳ ಜಗಳ ಬಿಡಿಸಬಹುದು.

ಈಗ ಆ ಜಗಳ. ಮನುಷ್ಯರಿಗೆ ಅಮೆರಿಕದಲ್ಲಿ ಕೊಡುವ ಲಸಿಕೆ, ಈಗಿನ ಹೆಸರು ಬಯೋಥ್ರಾಕ್ಸ್, ನಮ್ಮ ಸ್ಟರ್ನ್ ಥರ ಜೀವಂತದ್ದಲ್ಲ. ರೋಗಾಣುವನ್ನು ಬೆಳೆಸಿ, ಅದನ್ನು ಸೋಸಿ ತೆಗೆದು, ಉಳಿದ ನೀರಿನಲ್ಲಿರುವ ಪ್ರೊಟೀನನ್ನು ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿದ್ದು. ಅದರಲ್ಲಿ ಮುಖ್ಯವಾದದ್ದು ಒಂದೇ, ಪ್ರೊಟೆಕ್ಟಿವ್ ಆಂಟಿಜೆನ್. ಆಂಥ್ರಾಕ್ಸ್ ವಿಷ ಮೂರು ತುಂಡು. ಎರಡು ತುಂಡು ಕೊಲ್ಲುವವು, ಊದಿಸುವವು. ಮೂರನೆಯದು ಈ ಪ್ರೊಟೆಕ್ಟಿವ್ ಆಂಟಿಜೆನ್, ಅವೆರಡನ್ನು ಜೀವಕೋಶದ ಒಳಗೆ ಬಿಡುವ ಬಾಗಿಲು. ಬಾಗಿಲಿಗೆ ಅಡ್ಡ ನಿಂತರೆ ಉಳಿದೆರಡು ಹೊರಗೇ ಉಳಿಯುತ್ತವೆ. ಲಸಿಕೆ ಕಲಿಸುವುದು ಇಷ್ಟೇ, ಬಾಗಿಲು ಹಾಕುವುದು.

ವಿಷ ಅಂತ ಒಂದಿದೆ ಅನ್ನುವುದು ಗೊತ್ತಾಗಿದ್ದೂ ಗಿನಿಪಿಗ್‌ನಿಂದಲೇ. 1954ರಲ್ಲಿ ಇಂಗ್ಲೆಂಡಿನ ಪೋರ್ಟನ್‌ನಲ್ಲಿ ಹ್ಯಾರಿ ಸ್ಮಿತ್ ಮತ್ತು ಕೆಪ್ಪಿ ಗಾಜಿನ ಪಾತ್ರೆಯಲ್ಲಿ ಹುಡುಕುವ ಬದಲು ರೋಗದಿಂದ ಸತ್ತ ಗಿನಿಪಿಗ್‌ಗಳ ರಕ್ತದಲ್ಲಿ ಹುಡುಕಿದರು. ರೋಗಾಣು ತೆಗೆದುಹಾಕಿದ ಆ ರಕ್ತದ ನೀರನ್ನು ಬೇರೆ ಪ್ರಾಣಿಗೆ ಚುಚ್ಚಿದರೆ ಅದೂ ಸಾಯುತ್ತಿತ್ತು. ಅವರ ಬಳಗವೇ ಇನ್ನೊಂದು ನೋಡಿತು. ಒಂದು ಹಂತ ದಾಟಿದ ಮೇಲೆ ಸ್ಟ್ರೆಪ್ಟೋಮೈಸಿನ್ ಕೊಟ್ಟು ರೋಗಾಣುವನ್ನು ಪೂರ್ತಿ ಕೊಂದರೂ ಪ್ರಾಣಿ ಉಳಿಯುವುದಿಲ್ಲ. ಕಳ್ಳ ಸತ್ತ, ಅವನು ಇಟ್ಟ ಬೆಂಕಿ ಉರಿಯುತ್ತಲೇ ಇದೆ.

ಈಗ ಒಂದೊಂದೇ ಪ್ರಾಣಿ ನೋಡಿ. ಸಣ್ಣ ಬಿಳಿ ಇಲಿ, ಮೌಸ್ ಅಂತೀವಲ್ಲ ಅದು, ಕವಚ ಒಂದೇ ಇದ್ದರೂ ಸಾಯುತ್ತದೆ. ವಿಷವೇ ಬೇಕಿಲ್ಲ. ಹಾಗಿದ್ದಾಗ ವಿಷದ ಬಾಗಿಲು ಹಾಕುವ ಲಸಿಕೆ ಅದಕ್ಕೆ ಏನು ಮಾಡೀತು? ದೊಡ್ಡ ಇಲಿ, ರ‍್ಯಾಟ್, ತದ್ವಿರುದ್ಧ. ಬೀಜಕಣ ಕೊಟ್ಟರೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಫಿಷರ್ ಅನ್ನುವ ತಳಿಯ ಇಲಿಗೆ ಶುದ್ಧ ವಿಷವನ್ನು ರಕ್ತನಾಳಕ್ಕೆ ಕೊಟ್ಟರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಗಿನಿಪಿಗ್ ನಡುವಿನದು. ಜೀವಂತ ಸ್ಟರ್ನ್ ಲಸಿಕೆ ಅದನ್ನು ಚೆನ್ನಾಗಿ ಕಾಯುತ್ತದೆ, ಅದಕ್ಕೇ ನಮ್ಮ ಕೋಣೆಯಲ್ಲಿ ಅದು ಸರಿಯಾದ ಪ್ರಾಣಿ. ಅಲ್ಯೂಮಿನಿಯಂಗೆ ಅಂಟಿಸಿದ ಬರೀ ಪ್ರೊಟೀನ್ ಅದಕ್ಕೆ ಸಾಲುವುದಿಲ್ಲ. ಚಾಲೆಂಜ್ ಮಾಡುವ ತಳಿ ಬದಲಾದ ಹಾಗೆ ಬದುಕುವವುಗಳ ಲೆಕ್ಕವೂ ಏರುಪೇರಾಗುತ್ತದೆ. ನ್ಯೂಜಿಲೆಂಡ್ ಬಿಳಿ ಮೊಲದಲ್ಲಿ, ರೀಸಸ್ ಕೋತಿಯಲ್ಲಿ ರೋಗ ಮನುಷ್ಯನಲ್ಲಿ ಇಳಿಯುವ ದಾರಿಯಲ್ಲೇ ಇಳಿಯುತ್ತದೆ. ಮೊಲದಲ್ಲಿ ಓಟ ಸ್ವಲ್ಪ ಜಾಸ್ತಿ, ಎರಡು ಮೂರು ದಿನದಲ್ಲಿ ಮುಗಿಸಿಬಿಡುತ್ತದೆ. ಕೋತಿ ಇನ್ನೂ ಹತ್ತಿರ.

ಆದ್ದರಿಂದ ಬೇಕಾದ ಉತ್ತರ ಕೊಟ್ಟದ್ದನ್ನು ಆರಿಸಿದ್ದಲ್ಲ. ರೋಗ ಯಾವುದರಲ್ಲಿ ನಮ್ಮ ಹಾಗೆ ನಡೆಯುತ್ತದೆ ಅಂತ ಲಸಿಕೆ ಇಲ್ಲದ ಪ್ರಾಣಿಗಳಲ್ಲಿ ನೋಡಿ ಆರಿಸಿದ್ದು. ಲಸಿಕೆ ಹಾಕಿದವು ಬದುಕಿದವಾ ಅನ್ನುವುದು ಆಮೇಲಿನ ಪ್ರಶ್ನೆ. ಈ ಕ್ರಮ ತಿರುವುಮುರುವಾದರೆ ಮಾತ್ರ ಖಾರದಪುಡಿಯವರ ಮಾತು ಸರಿ.

ಪುಸ್ತಕದಹುಳು:

ಸರ್, ತುಂಬಾ ಥ್ಯಾಂಕ್ಸ್. ಬಾಟಲಿ ಕತೆ ನನಗೆ ಗೊತ್ತಿರಲಿಲ್ಲ. ಆದರೂ ಒಂದು ಗಂಟು ಉಳಿಯಿತು. ಮೊಲ ನಮ್ಮ ಹಾಗೆ ಸಾಯುತ್ತದೆ ಅಂತ ಇಟ್ಟುಕೊಳ್ಳೋಣ. ಲಸಿಕೆ ಹಾಕಿದ ಮೊಲ ಬದುಕಿತು. ಅಲ್ಲಿಂದ "ಇಷ್ಟು ಡೋಸ್ ಮನುಷ್ಯನಿಗೆ ಸಾಕು" ಅನ್ನುವುದಕ್ಕೆ ಹೇಗೆ ದಾಟುತ್ತಾರೆ? ಮೊಲದ ಮೈ, ನಮ್ಮ ಮೈ ಒಂದೇ ಥರ ಕಲಿಯುತ್ತವೆ ಅಂತ ಗ್ಯಾರಂಟಿ ಏನು?

ನೇರಳೆತಟ್ಟೆ:

ಇದಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ಆ ಸೇತುವೆಯ ಮೇಲೆ ನಾನು ಆರು ವರ್ಷ ನಿಂತಿದ್ದೇನೆ. ಪ್ರಾಣಿ ಮುಟ್ಟಿದವಳಲ್ಲ. ನನ್ನ ಹತ್ತಿರ ಬರುತ್ತಿದ್ದುದು ಸಣ್ಣ ಸಣ್ಣ ಟ್ಯೂಬಿನಲ್ಲಿ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು), ಮೇಲೆ ಒಂದು ನಂಬರ್. ಅದು ಮೊಲದ್ದೋ, ಕೋತಿಯದ್ದೋ, ಮನುಷ್ಯರದ್ದೋ ಅಂತ ನನಗೆ ಹೇಳುತ್ತಿರಲಿಲ್ಲ, ಹೇಳಲೂಬಾರದು.

96 ಗುಂಡಿಗಳ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಂಡಿಯ ತಳದಲ್ಲಿ ಇಲಿಯ ಮ್ಯಾಕ್ರೋಫೇಜ್, ಅಂದರೆ ರೋಗಾಣು ನುಂಗುವ ಜೀವಕೋಶಗಳು. ಜೆ774 ಅನ್ನುವ ಈ ಕೋಶಗಳು ಆಂಥ್ರಾಕ್ಸ್ ವಿಷಕ್ಕೆ ಬೇಗ ಸಾಯುತ್ತವೆ. ಸೀರಂ ಅನ್ನು ಅರ್ಧಕ್ಕರ್ಧ ತೆಳುವಾಗಿಸುತ್ತಾ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗಬೇಕು. ಅದಕ್ಕೆ ಅಳತೆಯ ವಿಷ ಬೆರೆಸಿ ಕೋಶಗಳ ಮೇಲೆ ಹಾಕಬೇಕು. ಕೆಲವು ಗಂಟೆ ಬಿಟ್ಟು ಒಂದು ಹಳದಿ ಬಣ್ಣ. ಬದುಕಿರುವ ಕೋಶ ಆ ಹಳದಿಯನ್ನು ನೇರಳೆ ಮಾಡುತ್ತದೆ, ಸತ್ತದ್ದು ಮಾಡುವುದಿಲ್ಲ.

ಒಳ್ಳೆಯ ಸೀರಂ ಬಂದ ದಿನ ತಟ್ಟೆ ನೋಡಲು ಚೆಂದ. ಎಡಗಡೆ ಕಡು ನೇರಳೆ, ಬಲಕ್ಕೆ ಹೋಗುತ್ತಾ ಹೋಗುತ್ತಾ ಮಾಸಲು, ಕೊನೆಗೆ ಏನೂ ಇಲ್ಲ. ಎಲ್ಲಿ ಅರ್ಧ ಕೋಶ ಬದುಕಿವೆಯೋ ಅಲ್ಲಿಗೆ ಗೆರೆ. ಅದನ್ನು ಒಂದು ಗೊತ್ತಾದ ಮಾದರಿ ಸೀರಂಗೆ ಹೋಲಿಸಿ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಇಡೀ ಪರೀಕ್ಷೆಯಲ್ಲಿ ಜೀವಂತ ರೋಗಾಣು ಬೇಕೇ ಇಲ್ಲ. ಗುಂಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿದರೆ ಮಾತ್ರ ಓದು ತಪ್ಪುತ್ತದೆ, ಅದಕ್ಕೆ ನಾನು ಕಿವಿಯೋಲೆಯ ಸೂಜಿಯಿಂದ ಒಡೆದು ಬೈಸಿಕೊಂಡಿದ್ದೇನೆ.

ಈ ಅಂಕಿ ಯಾವ ಪ್ರಾಣಿಯ ಸೀರಂ ಅಂತ ನೋಡುವುದಿಲ್ಲ. ಮೊಲದ ಪ್ರತಿಕಾಯಕ್ಕೂ (ಲಸಿಕೆಯಿಂದ ಕಲಿತು ಮೈ ಮಾಡುವ ಕಾವಲು ಪ್ರೊಟೀನ್) ಮನುಷ್ಯರ ಪ್ರತಿಕಾಯಕ್ಕೂ ಒಂದೇ ಪ್ರಶ್ನೆ, ವಿಷವನ್ನು ತಡೆದೆಯಾ ಇಲ್ಲವಾ. ನಿಮ್ಮ ಗಂಟು ಬಿಚ್ಚುವುದು ಇಲ್ಲೇ. ಮೊಲಗಳಿಗೆ ಬೇರೆ ಬೇರೆ ಡೋಸ್ ಕೊಡುತ್ತಾರೆ, ಬೇಕಂತಲೇ ಕಡಿಮೆ ಡೋಸ್ ಕೂಡ. ಕೆಲವು ಸಾಯಲೇಬೇಕು, ಇಲ್ಲದಿದ್ದರೆ ಗೆರೆ ಎಳೆಯಲು ಆಗುವುದಿಲ್ಲ. ಚಾಲೆಂಜ್‌ಗೆ ಮೊದಲು ಯಾವ ಮೊಲದ ಅಂಕಿ ಎಷ್ಟಿತ್ತು, ಆಮೇಲೆ ಅದು ಬದುಕಿತಾ ಅಂತ ಒಂದು ಗ್ರಾಫ್. ಬಯೋಥ್ರಾಕ್ಸ್ ಲೆಕ್ಕದಲ್ಲಿ ಮೊಲದ ಅಂಕಿ 0.56 ಇದ್ದರೆ ಬದುಕುವ ಸಾಧ್ಯತೆ ಶೇ. 70 ಅಂತ ಬಂತು. ಕೋತಿಗಳಲ್ಲಿ ಅದಕ್ಕಿಂತ ಕಡಿಮೆ ಅಂಕಿಯೇ ಸಾಕಾಯಿತು. ಆಮೇಲೆ ಆರೋಗ್ಯವಂತ ಮನುಷ್ಯರಿಗೆ ಲಸಿಕೆ ಕೊಟ್ಟು, ಚಾಲೆಂಜ್ ಇಲ್ಲ, ರಕ್ತ ಮಾತ್ರ ತೆಗೆದು, ಎಷ್ಟು ಜನ 0.56 ಮುಟ್ಟಿದರು ಅಂತ ಎಣಿಸಿದರು. ಡೋಸ್‌ಗಳ ನಡುವೆ ಎರಡೆರಡು ವಾರ ಬಿಟ್ಟು ಮೂರು ಡೋಸ್ ಕೊಟ್ಟು, ಒಂಬತ್ತು ವಾರಕ್ಕೆ ನೋಡಿದಾಗ ಸುಮಾರು ಶೇ. 71 ಜನ ಮುಟ್ಟಿದ್ದರು.

ಇದಕ್ಕೆ ಕಾನೂನಿನ ದಾರಿ ಇದೆ. ಅಮೆರಿಕದ ಎಫ್‌ಡಿಎ (ಔಷಧಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ) 2002ರಲ್ಲಿ ಮಾಡಿದ ನಿಯಮ, ಎಲ್ಲರೂ ಆನಿಮಲ್ ರೂಲ್ ಅನ್ನುತ್ತಾರೆ. ಮನುಷ್ಯರಲ್ಲಿ ಪರಿಣಾಮ ನೋಡುವುದು ಅನ್ಯಾಯವಾಗುವ ಕಡೆ ಮಾತ್ರ ಇದು. ರೋಗ ಹೇಗೆ ಕೊಲ್ಲುತ್ತದೆ, ಮದ್ದು ಹೇಗೆ ತಡೆಯುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರಬೇಕು. ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಜಾತಿಯ ಪ್ರಾಣಿ ಬೇಕು. ಪ್ರಾಣಿಯಲ್ಲಿ ನೋಡುವುದೂ ಮನುಷ್ಯನಿಗೆ ಬೇಕಾದದ್ದೂ ಒಂದೇ ಆಗಿರಬೇಕು, ಇಲ್ಲಿ ಅದು ಜೀವ ಉಳಿಯುವುದು. ಪ್ರಾಣಿಯ ಅಂಕಿಯಿಂದ ಮನುಷ್ಯರ ಡೋಸ್‌ಗೆ ದಾಟಲು ದಾರಿ ಇರಬೇಕು, ಅದು ನನ್ನ ತಟ್ಟೆ. ಅಪಾಯ ಇಲ್ಲ ಅನ್ನುವುದನ್ನು ಮಾತ್ರ ಮನುಷ್ಯರಲ್ಲೇ ತೋರಿಸಬೇಕು, ಅದಕ್ಕೆ ಪ್ರಾಣಿ ಸಾಲದು. ಈ ದಾರಿಯಲ್ಲಿ ಒಪ್ಪಿಗೆ ಪಡೆದ ಮೊದಲ ಲಸಿಕೆ ಬಯೋಥ್ರಾಕ್ಸ್, 2015ರ ನವೆಂಬರ್. ರೋಗಾಣು ಸೋಕಿದ ಮೇಲೆ ಆಂಟಿಬಯಾಟಿಕ್ ಜೊತೆ ಕೊಡುವುದಕ್ಕೆ. 2023ರ ಜುಲೈನಲ್ಲಿ ಸೈಫೆಂಡಸ್ ಅನ್ನುವ ಇನ್ನೊಂದು ಬಂತು. ಅದರಲ್ಲಿ ಮೈಯನ್ನು ಇನ್ನಷ್ಟು ಎಬ್ಬಿಸುವ ಒಂದು ಸೇರಿಕೆ ಇದೆ, ಎರಡು ವಾರ ಅಂತರದಲ್ಲಿ ಎರಡೇ ಡೋಸ್.

ಖಾರದಪುಡಿ:

ಶೇ. 70 ಸಾಧ್ಯತೆ ಇರುವ ಅಂಕಿ, ಅದನ್ನು ಮುಟ್ಟಿದವರು ಶೇ. 71. ಇದನ್ನೇನಾ ನೀವು ಪಾಸು ಅನ್ನುವುದು? ನನ್ನ ಮಗ ಇಷ್ಟು ತಂದರೆ ಬೈಯುತ್ತೇನೆ.

ನೇರಳೆತಟ್ಟೆ:

ಒಳ್ಳೆಯ ಪ್ರಶ್ನೆ, ಈ ಸಲ. ನಿಜವಾಗಿ ರೋಗಾಣು ಸೋಕಿದವರಿಗೆ ಅದೇ ಹೊತ್ತಿನಲ್ಲಿ ಆಂಟಿಬಯಾಟಿಕ್ ಕೂಡ ನಡೆಯುತ್ತಿರುತ್ತದೆ, ಲಸಿಕೆಗೆ ಒಪ್ಪಿಗೆ ಸಿಕ್ಕ ಹೊತ್ತಿನ ಲೆಕ್ಕದಲ್ಲಿ 60 ದಿನ. ಬೀಜಕಣಗಳು ಶ್ವಾಸಕೋಶದಲ್ಲಿ ಸುಮ್ಮನೆ ಮಲಗಿ, ಮಾತ್ರೆ ನಿಲ್ಲಿಸಿದ ಮೇಲೆ ಎದ್ದೇಳಬಹುದು. ಮಾತ್ರೆ ಮುಗಿಯುವ ಹೊತ್ತಿಗೆ ಕಾವಲಿಗೆ ಯಾರಾದರೂ ನಿಂತಿರಲಿ ಅಂತ ಲಸಿಕೆ. ಅದಕ್ಕೇ ಒಂಬತ್ತನೇ ವಾರದಲ್ಲಿ ನೋಡಿದ್ದು. ಮತ್ತೆ ಆ ಗೆರೆ ದಾಟದವರೆಲ್ಲ ಸೊನ್ನೆ ಅಂತಲ್ಲ, 0.5 ಇದ್ದವರೂ ಅದರಲ್ಲಿದ್ದಾರೆ.

ಹಳೇಸಿರಿಂಜ್:

ನೇರಳೆತಟ್ಟೆ ಮೇಡಂ ಬರೆದದ್ದು ಓದಿ ಸಂತೋಷವಾಯಿತು, ಸೂಜಿಯ ವಿಷಯ ಬಿಟ್ಟು.

ಮನುಷ್ಯರಲ್ಲಿ ನೇರವಾಗಿ ನೋಡಿದ್ದಾರಾ ಅಂತ ಕೇಳಿದ್ದು ಉಳಿಯಿತು. ನೋಡಿದ್ದಾರೆ, ಒಂದು ಸಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಮೇಕೆ ಕೂದಲು ಸಂಸ್ಕರಿಸುವ ಗಿರಣಿಗಳಿದ್ದವು. ಬೇರೆ ದೇಶಗಳಿಂದ ಬಂದ ಕೂದಲಿನ ಜೊತೆ ಬೀಜಕಣವೂ ಬರುತ್ತಿತ್ತು. ಕೆಲಸಗಾರರಿಗೆ ಆಂಥ್ರಾಕ್ಸ್ ಬರುವುದು ಅಲ್ಲಿ ಮಾಮೂಲು. ಫಿಲಿಪ್ ಬ್ರಾಕ್‌ಮನ್ ಮತ್ತು ಜೊತೆಯವರು ನಾಲ್ಕು ಗಿರಣಿಗಳಲ್ಲಿ ಕೆಲವರಿಗೆ ಲಸಿಕೆ, ಕೆಲವರಿಗೆ ಸುಳ್ಳು ಸೂಜಿ ಕೊಟ್ಟು ಕಾದರು. ಅದು ಇವತ್ತಿನ ಲಸಿಕೆಯ ಹಿಂದಿನ ರೂಪ. ಫಲಿತಾಂಶ 1962ರಲ್ಲಿ ಹೊರಬಂತು, ಶೇ. 92.5 ರಕ್ಷಣೆ ಅಂತ.

ಅದರ ನಡುವೆಯೇ, 1957ರಲ್ಲಿ, ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್ ಗಿರಣಿಯಲ್ಲಿ ರೋಗ ಎದ್ದಿತು. ಒಂಬತ್ತು ಜನಕ್ಕೆ. ಐವರಿಗೆ ಉಸಿರಿನ ಮೂಲಕ ಬಂದದ್ದು, ಅವರಲ್ಲಿ ನಾಲ್ವರು ಸತ್ತರು. ಆ ಐವರಲ್ಲಿ ಒಬ್ಬರೂ ಲಸಿಕೆ ಹಾಕಿಸಿಕೊಂಡವರಲ್ಲ.

ಆದರೆ ಎಲ್ಲ ಗಿರಣಿ ಸೇರಿಸಿದರೂ ರೋಗ ಬಂದವರು 26, ಅವರಲ್ಲಿ ಹೆಚ್ಚಿನವರಿಗೆ ಚರ್ಮದ ಆಂಥ್ರಾಕ್ಸ್. ಉಸಿರಿನದು ಐದೇ. ಐದು ಜನರನ್ನು ಇಟ್ಟುಕೊಂಡು ಲೆಕ್ಕ ಹಾಕಲು ಆಗುವುದಿಲ್ಲ. ಉಸಿರಿನ ಆಂಥ್ರಾಕ್ಸ್‌ಗೆ ಮೊಲ, ಕೋತಿ ಬೇಕಾದದ್ದು ಅದಕ್ಕೇ.

ಇನ್ನೊಂದು ಮಾತು, ಪಾಶ್ಚರ್ ಬಗ್ಗೆಯೇ. ನಿಮ್ಮ ತರಗತಿಯಲ್ಲಿ ಇದನ್ನು ಹೇಳಿದರೆ ಯಾರೂ ಆಕಳಿಸುವುದಿಲ್ಲ. ತಾನು ರೋಗಾಣುವನ್ನು ಗಾಳಿಯ ಆಮ್ಲಜನಕಕ್ಕೆ ಒಡ್ಡಿ, 42-43 ಡಿಗ್ರಿ ಬಿಸಿಯಲ್ಲಿಟ್ಟು ದುರ್ಬಲ ಮಾಡಿದೆ ಅಂತ ಅವರು ಜನರನ್ನು ನಂಬಿಸಿದ್ದರು. ಆ ತೋಟದಲ್ಲಿ ಕುರಿಗಳಿಗೆ ಹೋದದ್ದು ಅದಲ್ಲ. ಅವರ ಜೊತೆಗಾರ ಶಾಂಬರ್‌ಲಾಂ ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸಿ ಮಾಡಿದ್ದು. ರಾಸಾಯನಿಕದ ದಾರಿ ಅವರ ಎದುರಾಳಿ ಟೂಸ್ಸಾಂ ಎಂಬ ಪಶುವೈದ್ಯರ ದಾರಿಗೆ ಹತ್ತಿರ. ಅದಕ್ಕೇ ಬಾಯಿ ಬಿಡಲಿಲ್ಲ ಅಂತ ಕಾಣುತ್ತದೆ. ಪಾಶ್ಚರ್ ಕೈಬರಹದ ನೋಟ್‌ಬುಕ್‌ಗಳನ್ನು ಓದಿ ಇತಿಹಾಸಕಾರ ಜೆರಾಲ್ಡ್ ಗೀಸನ್ ಇದನ್ನು 1995ರಲ್ಲಿ ವಿವರವಾಗಿ ಬರೆದರು. ಕುರಿಗಳು ಬದುಕಿದ್ದು ನಿಜ. ಯಾವುದರಿಂದ ಬದುಕಿದವು ಅಂತ ಹೇಳಿದ್ದು ಮಾತ್ರ ನಿಜವಲ್ಲ. ಬಾಟಲಿ ಅಲ್ಲಾಡಿಸಿದ ವೈದ್ಯರಿಗೆ ಬೇರೆ ಬಾಟಲಿಯ ಮೇಲೆ ಅನುಮಾನ ಬರಬೇಕಿತ್ತು.

ಲಸಿಕೆ ಹಾಕಿಸಿಕೊಂಡ ಒಂದು ಕುರಿಯೂ ಸತ್ತಿತು, ಗೊತ್ತಾ? ಗಬ್ಬದ ಕುರಿ. ಕೊಯ್ದು ನೋಡಿದರೆ ಹೊಟ್ಟೆಯ ಮರಿ ಮೊದಲೇ ಸತ್ತಿತ್ತು. ಅದಕ್ಕೇ ಸತ್ತದ್ದು ಅಂತ ಬರೆದುಕೊಂಡರು. ಇರಬಹುದು. ನಮ್ಮ ಕೋಣೆಯಲ್ಲಿ ಹಾಗೆ ಬರೆದಿದ್ದರೆ ಹಿರಿಯರು ಸ್ಲೈಡ್ ಎಲ್ಲಿ ಅಂತ ಕೇಳುತ್ತಿದ್ದರು. ಸತ್ತ ಪ್ರತಿ ಪ್ರಾಣಿಯ ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ಸವರಿ, ಹಳೆಯ ಮಿಥಿಲೀನ್ ಬ್ಲೂ ಹಾಕಿ ನೋಡಬೇಕಿತ್ತು. ತುದಿ ಚೌಕವಾಗಿರುವ ನೀಲಿ ಕಡ್ಡಿಗಳು, ಸುತ್ತಲೂ ತೆಳು ಗುಲಾಬಿ ಅಂಚು. ಆ ಗುಲಾಬಿಯೇ ಕವಚ. ಅದು ಕಂಡರೆ ಮಾತ್ರ ಆಂಥ್ರಾಕ್ಸ್‌ನಿಂದ ಸತ್ತಿತು ಅಂತ ಬರೆಯಬಹುದು.

ಪುಸ್ತಕದಹುಳು:

ನನ್ನ ಇಪ್ಪತ್ತು ನಿಮಿಷ ಈಗ ನಲವತ್ತಾಯಿತು. ಏನನ್ನು ಬಿಡಲಿ ಅನ್ನುವುದೇ ಯೋಚನೆ. ನನ್ನ ಸ್ಲೈಡುಗಳ ಕ್ರಮ ಬದಲಿಸಿದೆ. ಮೊದಲು ಲಸಿಕೆ ಇಲ್ಲದ ಮೊಲ ಹೇಗೆ ಸಾಯುತ್ತದೆ, ಆಮೇಲೆ ತಟ್ಟೆ, ಕೊನೆಯಲ್ಲಿ ಗಿರಣಿ.

ಒಂದು ಕೊನೆಯ ಪ್ರಶ್ನೆ ಸರ್, ಪರೀಕ್ಷೆಗೆ ಸಂಬಂಧ ಇಲ್ಲದ್ದು. ಲಸಿಕೆ ಹಾಕಿಸಿಕೊಂಡು ಬದುಕಿದ ಗಿನಿಪಿಗ್‌ಗಳು ಆಮೇಲೆ ಏನಾಗುತ್ತಿದ್ದವು? ಆ ಬೆನ್ನ ಮೇಲೆ ಬೊಟ್ಟಿದ್ದ ಕಂಟ್ರೋಲ್?

ಹಳೇಸಿರಿಂಜ್:

ಸಂಬಂಧ ಇದೆ.

ಚಾಲೆಂಜ್ ಆದ ಪ್ರಾಣಿ ಆ ಕೋಣೆಯಿಂದ ಜೀವಂತ ಹೊರಗೆ ಹೋಗುವಂತಿಲ್ಲ. ಮೈಯಲ್ಲಿ ಬೀಜಕಣ ಉಳಿದಿರಬಹುದು. ಮಣ್ಣಿಗೆ ಬಿದ್ದರೆ ಅದು ಹತ್ತಾರು ವರ್ಷ ಕಾಯುತ್ತದೆ. ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ 1942ರಲ್ಲಿ ಕುರಿಗಳ ಮೇಲೆ ಆಂಥ್ರಾಕ್ಸ್ ಬಾಂಬ್ ಪ್ರಯೋಗ ಮಾಡಿದರು, ಜನ ಕಾಲಿಡಬಹುದು ಅಂತ ಘೋಷಿಸಿದ್ದು 1990ರಲ್ಲಿ. ಅದಕ್ಕೂ ಮೊದಲು ಮಣ್ಣಿಗೆ ಟನ್‌ಗಟ್ಟಲೆ ಫಾರ್ಮಾಲ್ಡಿಹೈಡ್ ಸುರಿಯಬೇಕಾಯಿತು. ಹಾಗಾಗಿ ಹತ್ತನೇ ದಿನ ಎಣಿಕೆ ಮುಗಿದ ಮೇಲೆ ಬದುಕಿದ್ದವನ್ನೂ ನೋವಿಲ್ಲದೆ ಕೊಂದು, ಪಂಜರದ ಹೊಟ್ಟಿನ ಸಮೇತ ಬಿಸಿ ಹಬೆಯಲ್ಲಿ ಇಟ್ಟು, ಆಮೇಲೆ ಸುಡುತ್ತಿದ್ದೆವು. ಬೆನ್ನ ಮೇಲೆ ಬೊಟ್ಟಿದ್ದದ್ದೂ ಹಾಗೇ ಹೋಯಿತು.

ಗಿನಿಪಿಗ್‌ಗಳಿಗೆ ಸೊಪ್ಪಿನ ಚೀಲದ ಸದ್ದು ಗೊತ್ತಾಗುತ್ತದೆ. ಬಾಗಿಲ ಹೊರಗೆ ಚೀಲ ಸರಸರ ಅಂದರೆ ಸಾಕು, ಒಳಗೆ ಎಲ್ಲ ಒಟ್ಟಿಗೆ ಸಿಳ್ಳೆ ಹಾಕುತ್ತಿದ್ದವು. ಹತ್ತನೇ ದಿನದ ಬೆಳಿಗ್ಗೆ ಸೊಪ್ಪು ಕೊಡುವ ಕೆಲಸವನ್ನು ಸಹಾಯಕನಿಗೆ ಬಿಟ್ಟು, ನಾನು ಪಕ್ಕದ ಕೋಣೆಯಲ್ಲಿ ಕೂತು ರಿಜಿಸ್ಟರ್ ಬರೆಯುತ್ತಿದ್ದೆ.